ದೊಡ್ಡಮ್ಮನ ನೀಲಿ ಡ್ರಮ್ಮು

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ಯಾವಾಗ ನೋಡಿದರೂ ಅರ್ಧ ಮುರಿದಿರುತ್ತಿತ್ತು. ಬಿಗಿಯಾದ ಮುಚ್ಚಳ ತೆಗೆಯಲು ಚಮಚ ಹುಡುಕುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಉಗುರನ್ನೇ ಸಂದಿಗೆ ಕೊಟ್ಟು, ಹಲ್ಲು ಕಚ್ಚಿ ಮೀಟಿಬಿಡುತ್ತಿದ್ದಳು. ಚಮಚ ತಂದುಕೊಟ್ಟರೆ ಅದನ್ನು ಪಕ್ಕಕ್ಕಿಟ್ಟು ಮತ್ತೆ ಉಗುರನ್ನೇ ಹಾಕುತ್ತಿದ್ದಳು. ನಾನು ಸಿಟ್ಟು ಮಾಡುವುದನ್ನು ಕಲಿತದ್ದು ಅವಳ ಅಡುಗೆಮನೆಯಲ್ಲಿಯೇ.

ಅವಳು ನನ್ನ ತಾಯಿಯ ಅಕ್ಕ. ಹರಿಹರದಲ್ಲಿ, ಹೊಳೆಯ ಕಡೆಗಿನ ತಗ್ಗು ಓಣಿಯೊಂದರಲ್ಲಿ ಮಗ ಸೊಸೆಯ ಜೊತೆ ಇದ್ದಳು. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟ ವರ್ಷ ತುಂಗಭದ್ರೆ ಆ ಓಣಿಗೂ ಬಂದು ಹೋಗುತ್ತಾಳೆ. ಆಗ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಎಲ್ಲರೂ ಕೂರಬೇಕು. ಒಲೆ, ಗ್ಯಾಸು ಎಲ್ಲ ನೀರಿನಲ್ಲಿ. ಅದಕ್ಕೇ ದೊಡ್ಡಮ್ಮ ಬೇಸಿಗೆ ಮುಗಿಯುವುದರೊಳಗೆ ಖಡಕ್ ರೊಟ್ಟಿ, ಮಂಡಕ್ಕಿ, ಅವಲಕ್ಕಿ, ಶೇಂಗಾ ಚಟ್ನಿಪುಡಿ, ಬೆಲ್ಲ ಎಲ್ಲ ಕೂಡಿಡುತ್ತಿದ್ದಳು. ಅಷ್ಟು ಮುಂದಾಲೋಚನೆಯ ಹೆಂಗಸು ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ, ಒಪ್ಪುತ್ತೇನೆ. ಆದರೆ ಇಡುತ್ತಿದ್ದುದು ಎಲ್ಲಿ? ಗುಜರಿಯಿಂದ ತಂದ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ!

ಅದರಲ್ಲಿ ಮೊದಲು ಏನಿತ್ತೋ ದೇವರಿಗೇ ಗೊತ್ತು. ಮೇಲಿನ ಚೀಟಿಯನ್ನು ಯಾರೋ ಕೆರೆದು ಹಾಕಿದ್ದರು. ಮುಚ್ಚಳ ತೆಗೆದರೆ ಔಷಧಿ ಹೊಡೆದ ಹೊಲದ ವಾಸನೆ. ಮಂಡಕ್ಕಿಗೂ ಅದೇ ವಾಸನೆ.

"ದೊಡ್ಡಮ್ಮ, ಇದು ಕೆಮಿಕಲ್ ಡ್ರಮ್ಮು. ತಿನ್ನೋ ಸಾಮಾನು ಇಡೋದಲ್ಲ," ಎಂದೆ.

"ಏನಾಗೈತೆ ಅದಕ್ಕೆ? ಹುಣಸೆಹಣ್ಣು ಹಾಕಿ ತಿಕ್ಕೀನಿ, ಬಿಸಿಲಿಗೆ ಬೋರಲು ಹಾಕೀನಿ. ಒಂದು ಇರುವೆ ಹೊಕ್ಕಂಡಿಲ್ಲ ನೋಡು."

"ಇರುವೆಗಿರೋ ಬುದ್ಧಿ ನಿನಗಿಲ್ಲ," ಎಂದೆ ನಾನು. ಅವಳು ಜೋರಾಗಿ ನಕ್ಕಳು. ನನಗೆ ನಗು ಬರಲಿಲ್ಲ. ನಾನು ದಾವಣಗೆರೆಯ ಪಿ.ಜೆ. ಬಡಾವಣೆಯ ಕ್ಲಿನಿಕ್ಕೊಂದರಲ್ಲಿ ಕೆಲಸ ಮಾಡುವವಳು. ಕೀಟನಾಶಕದ ಕ್ಯಾನಿನಲ್ಲಿ ನೀರು ಕುಡಿದು ಬಂದವರನ್ನು ಕಣ್ಣಾರೆ ಕಂಡವಳು.

ಆ ವಾರವೇ ಸ್ಟೀಲಿನ ದೊಡ್ಡ ಡಬ್ಬಿಗಳನ್ನು ಕೊಂಡೆ. ಮುಚ್ಚಳಕ್ಕೆ ರಬ್ಬರಿನ ಸುತ್ತು, ಪಕ್ಕಕ್ಕೆ ಕ್ಲಿಪ್ಪು; ಗಾಳಿ ಆಡುವುದಿಲ್ಲ, ತೇವ ಒಳಗೆ ಹೋಗುವುದಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹರಿಹರಕ್ಕೆ ಒಯ್ದು ಕೊಟ್ಟೆ. ಮುಂದಿನ ವಾರ ಅವಳ ಮಗ ದಾವಣಗೆರೆಯ ಸರಸ್ವತಿ ನಗರದ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಅವೇ ಡಬ್ಬಿಗಳು. ಒಂದರ ತುಂಬ ರೊಟ್ಟಿ, ಇನ್ನೊಂದರ ತುಂಬ ಚಟ್ನಿಪುಡಿ.

ಫೋನು ಮಾಡಿ ಕೂಗಾಡಿದೆ. "ಮಂದಿ ಡಬ್ಬಿ ಮನಿಯಾಗ ಇಟ್ಕಂಡು ಕೂಡ್ಲೇನು? ಖಾಲಿ ಕಳಿಸಾಕ ಬರ್ತೈತಾ?" ಎಂದಳು.

"ನಾನು ಮಂದಿನಾ? ಅದು ನಿನಗೇ ಕೊಟ್ಟಿದ್ದು!"

"ಆತು ಬಿಡು, ರೊಟ್ಟಿ ಹೆಂಗದಾವೆ ಹೇಳು."

ಎಷ್ಟು ಸಲ ಕೊಟ್ಟರೂ ಇದೇ ಕಥೆ. ನಾನೇ ಹೋಗಿ ಡ್ರಮ್ಮಿನ ಸಾಮಾನನ್ನೆಲ್ಲ ಹೊರಗೆ ಚೆಲ್ಲಿ, ಹೊಸ ಅವಲಕ್ಕಿ ತಂದು ಡಬ್ಬಿಗೆ ತುಂಬಿ, ಕ್ಲಿಪ್ಪು ಹಾಕಿ ಬಂದೆ. ಆ ಅವಲಕ್ಕಿ ಡ್ರಮ್ಮಿಗೆ ಹೋಯಿತು. ಡಬ್ಬಿ ತೊಳೆಸಿಕೊಂಡು, ಕರ್ಚಿಕಾಯಿ ತುಂಬಿಕೊಂಡು ನನ್ನ ಮನೆಗೆ ಬಂತು. ಆ ಕರ್ಚಿಕಾಯಿ ಎಷ್ಟು ರುಚಿಯಾಗಿತ್ತೆಂದರೆ, ತಿನ್ನುತ್ತ ತಿನ್ನುತ್ತಲೇ ಅವಳನ್ನು ಬೈದೆ.

ಒಂದು ಮಳೆಗಾಲ ನೀರು ಬಂದೇಬಿಟ್ಟಿತು. ಮಗ ಸೊಸೆ ಬ್ರೆಡ್ಡು ಬಿಸ್ಕತ್ತು ತಿಂದು ಕೂತರು. ದೊಡ್ಡಮ್ಮ ಹಟ ಹಿಡಿದು ಡ್ರಮ್ಮಿನ ಮಂಡಕ್ಕಿಯನ್ನೇ ತಿಂದಳು. ವಾಂತಿ ನಿಲ್ಲಲಿಲ್ಲ. ದೋಣಿಯಲ್ಲಿ ಇಳಿಸಿ ದಾವಣಗೆರೆಗೆ ತಂದು ಡ್ರಿಪ್ ಹಾಕಿಸಿದೆವು. ಡ್ರಮ್ಮೇ ಕಾರಣ ಎಂದು ಡಾಕ್ಟರು ಹೇಳಲಿಲ್ಲ. ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ಸುಧಾರಿಸಿಕೊಂಡು ಊರಿಗೆ ಹೋದ ಮೇಲೆ ನಾನೂ ಹೋದೆ. ಡ್ರಮ್ಮನ್ನು ಅಂಗಳಕ್ಕೆಳೆದು, ಕಬ್ಬಿಣದ ಸಲಾಕೆ ಕಾಸಿ, ಇನ್ನು ಯಾರ ಮನೆಗೂ ಬಾರದ ಹಾಗೆ ತಳಕ್ಕೆ ತೂತು ಹಾಕಿದೆ. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆಗೆ ಅಕ್ಕಪಕ್ಕದವರು ಬಂದು ನಿಂತರು. ದೊಡ್ಡಮ್ಮ ಹೊಸ್ತಿಲ ಮೇಲೆ ಕೂತು ನೋಡಿದಳು.

"ನೆಟ್ಟಗಿದ್ದ ಡ್ರಮ್ಮು ಹಾಳು ಮಾಡಿದೆಲ್ಲವ್ವ," ಎಂದಳು, ಅಷ್ಟೇ.

"ಇನ್ನೊಂದು ಸಲ ನನ್ನ ಡಬ್ಬಿ ವಾಪಸ್ ಬಂದರೆ ಈ ಮನೆ ಮೆಟ್ಟಿಲು ಹತ್ತಲ್ಲ," ಎಂದು ಡಬ್ಬಿಗಳನ್ನು ಅವಳ ಮುಂದೆ ಇಟ್ಟು ಬಂದೆ.

ಆಮೇಲೆ ಡಬ್ಬಿ ಬರಲಿಲ್ಲ. ಫೋನೂ ಬರಲಿಲ್ಲ. ನಾನು ಮಾಡಿದರೆ ಸೊಸೆ ಎತ್ತುತ್ತಿದ್ದಳು. ಅತ್ತೆ ಸ್ನಾನಕ್ಕೆ ಹೋಗಿದ್ದಾರೆ, ಅತ್ತೆ ಗುಡಿಗೆ ಹೋಗಿದ್ದಾರೆ. ಒಂದು ಗುಜರಿ ಡ್ರಮ್ಮಿಗೆ ಇಷ್ಟು ಮುನಿಸೇ ಎಂದು ನಾನೂ ಬಿಗುಮಾನ ಬಿಡಲಿಲ್ಲ. ಮಾಡಿದ್ದು ಸರಿಯೇ ಆಗಿತ್ತು, ಇವತ್ತಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಮುಂದಿನ ಮಳೆಗಾಲಕ್ಕೆ ಮೊದಲೇ, ಒಂದು ಮಧ್ಯಾಹ್ನ ಉಂಡು ಮಲಗಿದ ದೊಡ್ಡಮ್ಮ ಮತ್ತೆ ಏಳಲಿಲ್ಲ.

ದಿನಕರ್ಮ ಮುಗಿದ ಮೇಲೆ ಸೊಸೆ ನನ್ನನ್ನು ಮಹಡಿಯ ಕೋಣೆಗೆ ಕರೆದೊಯ್ದಳು. ನನ್ನ ಡಬ್ಬಿಗಳೆಲ್ಲ ಗೋಡೆಗೆ ಸಾಲಾಗಿದ್ದವು. ಒಂದನ್ನು ತೆಗೆದೆ. ಅವಲಕ್ಕಿಗೆ ಅವಲಕ್ಕಿಯದೇ ವಾಸನೆ. ರೊಟ್ಟಿ ಮುರಿದರೆ ಟಕ್ಕೆಂದಿತು. ಹೊಳೆ ಬಂದರೆ ಬರಲೆಂದು ಎಲ್ಲ ತಯಾರಾಗಿತ್ತು.

"ಮತ್ತೆ ನನ್ನ ಜೊತೆ ಯಾಕೆ ಮಾತು ಬಿಟ್ಟಳು?" ಎಂದೆ.

"ಸಿಟ್ಟಿಗಲ್ಲಕ್ಕ," ಎಂದಳು ಸೊಸೆ. "ಅವಳ ಡಬ್ಬಿ ಎಲ್ಲಾ ಇಟ್ಕಂಡೀನಿ, ಏನೂ ತುಂಬಿ ಕಳಿಸಿಲ್ಲ, ಯಾವ ಮಕ ಇಟ್ಕಂಡು ಮಾತಾಡ್ಲಿ ಅಂತಿದ್ರು ಅತ್ತೆ."

ನನಗೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಬೈಯಲು ಅವಳೇ ಬೇಕಾಗಿತ್ತು.