ಶಾಫ್ಟಿನ ಮೇಲಿದ್ದ ಸೀಮೆಸುಣ್ಣದ ಗೆರೆ

ಆಗ ದಸರಾ ರಜೆ ಎಂದರೆ ನನಗೆ ಕೆಂಪು ಪೇಂಟಿನ ವಾಸನೆ. ಓರಗೆಯ ಹುಡುಗಿಯರು ಗೊಂಬೆ ಕೂರಿಸಿದ ಮನೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದರೆ, ನಾನು ಚಿಂತಾಮಣಿಯ ಬಾಷಾ ಮಾಮನ ಶೆಡ್ಡಿನಲ್ಲಿ ಬಿದ್ದಿರುತ್ತಿದ್ದೆ. ಅಪ್ಪನ ಹಳೇ ಲಾರಿಗೆ ಆತನೇ ಮೆಕ್ಯಾನಿಕ್ಕು. ಆಯುಧಪೂಜೆ ಮುಗಿದ ಮೇಲೆ, ಚಕ್ರದ ಕೆಳಗಿಟ್ಟ ನಿಂಬೆಹಣ್ಣಿನ ಮೇಲೆ ಲಾರಿ ಹತ್ತಿಸುವವನೂ ಆತನೇ. ಅಪ್ಪ ಬೇರೆ ಯಾರಿಗೂ ಸ್ಟಿಯರಿಂಗ್ ಮುಟ್ಟಲು ಬಿಟ್ಟವನಲ್ಲ. ಆ ಒಂದು ದಿನ ಮಾತ್ರ, "ಬಾಷಾ ಕೈಗುಣ ಚೆನ್ನಾಗೈತೆ" ಎಂದು ತಾನೇ ಕೆಳಗಿಳಿಯುತ್ತಿದ್ದ.

ನನಗೆ ಹತ್ತು ವರ್ಷ. ಹಬ್ಬದ ಹಿಂದಿನ ದಿನ ಬಾಷಾ ಮಾಮ ಲಾರಿಯ ಅಡಿಯ ಉದ್ದನೆಯ ಶಾಫ್ಟು ಬಿಚ್ಚಿದ್ದ. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಕಬ್ಬಿಣ ಅದು; ಹಲ್ಲಿಗೆ ಹಲ್ಲು ಕೂಡಿ ಒಂದರೊಳಗೊಂದು ತೂರುವ ಎರಡು ತುಂಡು. ತುದಿಯ ಕೀಲಿನಲ್ಲಿ ಸವೆದಿದ್ದ ಕ್ರಾಸ್ ಬದಲಿಸಬೇಕಿತ್ತು. ಎರಡೂ ತುಂಡುಗಳ ಮೇಲೆ ಹಾಯುವಂತೆ ಸೀಮೆಸುಣ್ಣದ ಒಂದು ಗೆರೆ ಎಳೆದು, ಅವನ್ನು ಬೇರ್ಪಡಿಸಿಟ್ಟು ನಮಾಜಿಗೆ ಹೋದ. ಅಪ್ಪ ಬೂದುಗುಂಬಳ ತರಲು ಹೋಗಿದ್ದ. ಹಬ್ಬಕ್ಕೆ ಕಬ್ಬಿಣ ಗಲೀಜಾಗಿರುವುದು ನನಗೆ ಸರಿಬರಲಿಲ್ಲ. ಬನಿಯನ್ ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಿ, ಉಳಿದಿದ್ದ ಕೆಂಪು ಪೇಂಟು ಬಳಿದುಬಿಟ್ಟೆ.

ಮಾಮ ಬಂದು ನಿಂತ.

"ಗೆರೆ ಎಲ್ಲೋಯ್ತಮ್ಮಾ?"

"ಒರೆಸ್ದೆ ಮಾಮ. ಗಲೀಜಾಗಿತ್ತು."

ಶಾಫ್ಟು ನೋಡಿದ, ಕೆಂಪಾಗಿದ್ದ ನನ್ನ ಮೊಣಕೈ ನೋಡಿದ. "ಅಯ್ಯೋ ನನ್ ಬಂಗಾರು" ಎಂದು ನಕ್ಕುಬಿಟ್ಟ. ಸಂಜೆ ಬೆಳಕು ಕುಗ್ಗಿತ್ತು. ಒಂದು ಕಣ್ಣು ಮುಚ್ಚಿ ತುಂಡುಗಳನ್ನು ತಿರುಗಿಸಿ ತಿರುಗಿಸಿ, ಅಂದಾಜಿನ ಮೇಲೆ ಕೂರಿಸಿದ.

ಹಬ್ಬದ ಮಾರನೇ ದಿನ ಟೊಮ್ಯಾಟೊ ತುಂಬಿಕೊಂಡು ನಾಗಪುರಕ್ಕೆ ಹೊರಟೆವು. ಅಮ್ಮ ಬಾಣಂತನಕ್ಕೆಂದು ಕೆಂಚಾರ್ಲಹಳ್ಳಿಯ ತವರಿನಲ್ಲಿದ್ದಳು, ಹಾಗಾಗಿ ನಾನೂ ಅಪ್ಪನ ಜೊತೆ. ಬಾಗೇಪಲ್ಲಿ ದಾಟಿ ವೇಗ ಐವತ್ತಕ್ಕೆ ಏರಿದ್ದೇ ತಡ, ಸೀಟು ಗುಂಯ್ ಎಂದು ನಡುಗತೊಡಗಿತು. ಮಡಿಲಿನ ತಟ್ಟೆಯಲ್ಲಿದ್ದ ಹುರಿಗಡಲೆ ಒಂದೊಂದೇ ಜಾರಿ ಬಿದ್ದವು.

"ಚಪ್ಪಲಿ ಬಿಚ್ಚಿ ಪಾದ ಕೆಳಗಿಡು ಅಮ್ಮಣ್ಣಿ. ಎಲ್ಲಿ ಜುಮ್ಮಂತೈತೆ ಹೇಳು."

"ಹಿಂದ್ಲಿಂದ ಬರ್ತೈತಪ್ಪ."

ಸ್ಟಿಯರಿಂಗ್ ಅಲುಗುತ್ತಿರಲಿಲ್ಲ, ಅಂದಮೇಲೆ ಮುಂದಿನ ಚಕ್ರದ್ದಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಇಂಜಿನ್ನಿನ ಸದ್ದು ಇಳಿದರೂ ನಡುಕ ನಿಲ್ಲಲಿಲ್ಲ, ಅಂದಮೇಲೆ ಇಂಜಿನ್ನಿನದೂ ಅಲ್ಲ. ನಲವತ್ತಕ್ಕೆ ಇಳಿಸಿದರೆ ಮಾಯ, ಐವತ್ತಕ್ಕೆ ಮತ್ತೆ ಹಾಜರು. ಬರಿಗಾಲನ್ನು ಒತ್ತಿಹಿಡಿದು ಅಪ್ಪನಿಗೆ ಒಂದೊಂದೇ ಹೇಳುತ್ತಾ ಕೂತ ನನಗೆ ಅದೇನು ಜಂಬ!

ಕರ್ನೂಲಿನ ಹತ್ತಿರ ಢಾಬಾ ಮುಂದೆ ನಿಲ್ಲಿಸಿ ಅಪ್ಪ ಲಾರಿಯಡಿಗೆ ನುಸುಳಿದ. ಬೋಲ್ಟುಗಳು ಬಿಗಿಯಾಗಿದ್ದವು, ಹೊಸ ಕ್ರಾಸು ಗಟ್ಟಿಯಾಗಿತ್ತು, ಬೇರಿಂಗು ಅಲುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮಣ್ಣು ಮೆತ್ತಿದ ಮುಖ ಹೊರಬಂತು.

"ಶಾಫ್ಟಿನ ಎರಡು ತುದೀಲಿ ಕ್ರಾಸ್ ಹಿಡಿಯೋ ಕಿವಿನೂ ಒಂದೇ ಸಾಲಿಗಿರ್ಬೇಕು ಕಣಮ್ಮ. ಒಂದು ಹಲ್ಲು ಆಚೆ ಹೋಗೈತೆ. ಬಿಚ್ಚೋಕೆ ಮುಂಚೆ ಒಂದು ಗೆರೆ ಎಳ್ಕೊಳ್ಳೋಕೆ ಆ ಬಾಷಂಗೆ ಏನ್ ರೋಗ ಬಂದಿತ್ತು?"

ಹೇಳಬೇಕಿತ್ತು, ಹೇಳಲಿಲ್ಲ. ಪೆಟ್ಟು ಬೀಳುತ್ತದೆಂಬ ಭಯವೇನೂ ಇರಲಿಲ್ಲ, ಅಪ್ಪ ಹೊಡೆಯುವವನಲ್ಲ. ಬೆಳಗಿನಿಂದ ಸಂಪಾದಿಸಿದ್ದ ಆ ಜಂಬ ಬಿಡಲು ಮನಸ್ಸಾಗಲಿಲ್ಲ, ಅಷ್ಟೇ.

ಅಲ್ಲಿದ್ದ ಇಬ್ಬರು ಡ್ರೈವರುಗಳು ಕೈಜೋಡಿಸಿ ಶಾಫ್ಟು ಇಳಿಸಿ, ಒಂದು ಹಲ್ಲು ತಿರುಗಿಸಿ ಕೂರಿಸುವಷ್ಟರಲ್ಲಿ ದಿನವೇ ಹೋಯಿತು. ನಡುಕವೇನೋ ನಿಂತಿತು. ನಾಗಪುರ ಮುಟ್ಟಿದಾಗ ಪೆಟ್ಟಿಗೆಗಳಿಂದ ರಸ ಸೋರುತ್ತಿತ್ತು. ಮಂಡಿಯವರು ಅರ್ಧ ಲೋಡನ್ನು ರಸ್ತೆಯಂಚಿಗೆ ಸುರಿಸಿದರು, ಅಪ್ಪ ನೋಡುತ್ತಾ ನಿಂತಿದ್ದ.

ಊರಿಗೆ ಬಂದವನೇ ನನ್ನ ಕೈಹಿಡಿದುಕೊಂಡು ನೇರವಾಗಿ ಶೆಡ್ಡಿಗೆ ಹೋದ. ಗಿರಾಕಿಗಳೆಲ್ಲ ಅಲ್ಲೇ ಇದ್ದರು.

"ಗೆರೆ ಎಳೆಯೋದೂ ಮರೆತ್ಯೇನೋ? ನೀನೂ ಒಬ್ಬ ಮೆಕ್ಯಾನಿಕ್ಕಾ?"

ಬಾಷಾ ಮಾಮ ಒಂದು ಸಲ ನನ್ನ ಕಡೆ ನೋಡಿದ. ನಾನು ಅಪ್ಪನ ಬೆನ್ನ ಹಿಂದೆ ಸರಿದೆ.

"ಮರೆತೆ ಅಣ್ಣಾ," ಅಂದ. "ವಯಸ್ಸಾಯ್ತು."

ಆತನಿಗೆ ಆಗಿನ್ನೂ ನಲವತ್ತೂ ಆಗಿರಲಿಲ್ಲ.

ಮುಂದಿನ ವರ್ಷ ನಿಂಬೆಹಣ್ಣಿನ ಮೇಲೆ ಅಪ್ಪನೇ ಲಾರಿ ಹತ್ತಿಸಿದ. ಆಮೇಲೆ ಲಾರಿ ಗುಜರಿಗೆ ಹೋಯಿತು, ಶೆಡ್ಡಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂತು. ಬಾಷಾ ಮಾಮ ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ಎಷ್ಟೋ ದಿನಗಳ ಮೇಲೆ. ಹಾಸಿಗೆ ಹಿಡಿದ ಅಪ್ಪ ಒಂದು ಮಧ್ಯಾಹ್ನ ತಾನಾಗಿಯೇ, "ಅಂಥ ಕೈ ಇನ್ನೊಬ್ಬಂಗಿರ್ಲಿಲ್ಲ. ಅದೊಂದ್ಸಲ ಯಾಕಂಗೆ ಮರೆತ್ನೋ" ಎಂದ. ಆಗಲೂ ನಾನು ಗಂಜಿ ಲೋಟ ತೊಳೆಯುವ ನೆಪದಲ್ಲಿ ಎದ್ದುಹೋದೆ. ಈಗ ಅಪ್ಪನೂ ಇಲ್ಲ, ಹೇಳಲು ಯಾರೂ ಉಳಿದಿಲ್ಲ.

ಆಯುಧಪೂಜೆಯ ದಿನ ನನ್ನ ಸ್ಕೂಟರಿನ ಚಕ್ರಕ್ಕೂ ನಿಂಬೆಹಣ್ಣು ಇಡುತ್ತೇನೆ. ಅದರ ಮೇಲೆ ಹತ್ತಿಸಲು ಮಾತ್ರ, ನನ್ನ ಕೈಗುಣ ನಂಬದೆ, ಪಕ್ಕದ ಮನೆಯವರನ್ನು ಕರೆಯುತ್ತೇನೆ.