ಹಣ್ಣಿಗೆ ಹೋದವರು

೨೦೧೫ರ ಸುಮಾರಿಗೆ ಅಮೆರಿಕದ ಕಾಪೆಲ್ ಊರಿನ ಒಂದು ಶಾಲೆಯಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಮನೆಯಲ್ಲಿ ಮಾತಿನಮಲ್ಲಿ, ಕ್ಲಾಸಿನಲ್ಲಿ ಮಾತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಟೀಚರ್ ನಮ್ಮನ್ನು ಕರೆಸಿ, ಟೆಕ್ಸಾಸ್ ಚರಿತ್ರೆಯ ಪ್ರಾಜೆಕ್ಟ್ ತೋರಿಸಿ ಮಾತಾಡುವ ದಿನವೂ ಇವಳು ಹೀಗೇ ನಿಂತರೆ ಇಂಗ್ಲಿಷ್ ಬಾರದ ಮಕ್ಕಳ ಜೊತೆ ಬೇರೆ ಕೂರಿಸಬೇಕಾಗುತ್ತದೆ ಎಂದರು. ದಿನವಿಡೀ ಇಂಗ್ಲಿಷಿನಲ್ಲೇ ನನ್ನ ತಲೆ ತಿನ್ನುವವಳಿಗೆ ಇಂಗ್ಲಿಷ್ ಬಾರದಂತೆ! ಮೈಯೆಲ್ಲ ಉರಿಯಿತು. ಭಯವೂ ಆಯಿತು.

ಪ್ರಾಜೆಕ್ಟ್ ಇದ್ದದ್ದು ಟೆಕ್ಸಾಸನ್ನು ಸ್ಪೇನಿನವರು ಆಳುತ್ತಿದ್ದ ಕಾಲದ ಬಗ್ಗೆ. ಪಾದ್ರಿಗಳು ಮಿಷನ್ ಎಂಬ, ಸುತ್ತ ಗೋಡೆಯಿದ್ದ ಕೇರಿ ಕಟ್ಟಿ ಇಲ್ಲಿನ ಮೂಲನಿವಾಸಿಗಳನ್ನು ತಂದು ಕೂರಿಸಿದ್ದರು. ಗಂಟೆ ಹೊಡೆದರೆ ಪ್ರಾರ್ಥನೆ, ಮತ್ತೆ ಹೊಡೆದರೆ ಮೆಕ್ಕೆಜೋಳದ ಹೊಲ, ಮಗ್ಗ. ಊಟ ಪಾದ್ರಿಗಳು ಕೊಟ್ಟಷ್ಟು. ಆದರೆ ಬೇಸಿಗೆಯಲ್ಲಿ ಪಾಪಾಸುಕಳ್ಳಿ ಹಣ್ಣಾಯಿತೆಂದರೆ ಜನ ಹೇಳದೆ ಕೇಳದೆ ಕಾಡಿಗೆ ನಡೆದುಬಿಡುತ್ತಿದ್ದರು. ಸಿಪಾಯಿಗಳು ಹಿಡಿದು ತರುತ್ತಿದ್ದರು. ಮುಂದಿನ ವರ್ಷ ಮತ್ತೆ ಹೋಗುತ್ತಿದ್ದರು. ಇದನ್ನು ಓದಿ ಮಗಳು ಬಿದ್ದುಬಿದ್ದು ನಕ್ಕಳು. ಹತ್ತಿರದ ಊರು ಫಾರ್ಮರ್ಸ್ ಬ್ರಾಂಚ್‌ನಲ್ಲಿ ನನ್ನ ಆಫೀಸಿನ ಹಿಂದೆ ಬೆಳೆದಿದ್ದ ಆ ಹಣ್ಣನ್ನೇ ಅವಳಿಗೆಂದು ಕಿತ್ತು ತಂದೆ. ಕಣ್ಣಿಗೆ ಕಾಣದ ಮುಳ್ಳು ಬೆರಳಿಗೆ ಹೊಕ್ಕು ಕೀಬೋರ್ಡ್ ಮುಟ್ಟುವುದೇ ಕಷ್ಟವಾಯಿತು.

ರಟ್ಟಿನಲ್ಲಿ ಚರ್ಚು, ಗೋಡೆ, ಮಗ್ಗ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದಳು. ಮನುಷ್ಯರನ್ನು ಮಾತ್ರ ಇಡಲಿಲ್ಲ. ನಾನು ಕೊಂಡು ತಂದ ಪುಟ್ಟ ಗೊಂಬೆಗಳು ಡಬ್ಬಿಯಲ್ಲೇ ಉಳಿದವು. ಮಾರ್ಕ್ಸ್ ಹೋಗುತ್ತದೆ ಎಂದು ಬೈದೆ, ಗೋಗರೆದೆ. ಅವಳು ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ಪ್ರಾಜೆಕ್ಟ್ ತೋರಿಸುವ ದಿನ ನಾನೂ ನನ್ನ ಗಂಡನೂ ಕ್ಲಾಸಿನಲ್ಲಿ ಮಕ್ಕಳ ಕುರ್ಚಿಗಳಲ್ಲಿ ಮುದುಡಿ ಕೂತಿದ್ದೆವು. ಮಗಳು ಮಾಡೆಲ್ ಪಕ್ಕ ಬಂದು ನಿಂತಳು. ಮಾತೇ ಇಲ್ಲ. ಟೀಚರ್ ಬಗ್ಗಿ ನೋಡಿ, ಜನರನ್ನು ಇಡುವುದು ಮರೆತೆಯಾ ಎಂದು ಕೇಳಿದರು.

ಮರೆತಿಲ್ಲ, ಅವರೆಲ್ಲ ಹಣ್ಣು ತಿನ್ನಲು ಹೋಗಿದ್ದಾರೆ ಎಂದಳು ಮಗಳು, ಇಂಗ್ಲಿಷಿನಲ್ಲಿ, ಹಿಂದೆ ಕೂತವರಿಗೂ ಕೇಳುವಂತೆ. ಮಿಷನ್‌ನಲ್ಲೇ ಊಟ ಇತ್ತಲ್ಲ, ಮತ್ತೇಕೆ ಹೋದರು ಎಂದರು ಟೀಚರ್.

"ಊಟ ಇತ್ತು. ಆದ್ರೆ ಅಲ್ಲಿ ಕೇಳಿ ತಿನ್ನಬೇಕಿತ್ತು."

ಟೀಚರ್ ಕುರ್ಚಿ ಎಳೆದುಕೊಂಡು ಕೂತು, ಮುಂದೆ ಹೇಳು ಎಂದರು. ಹೇಳಿದಳು. ಗಂಟೆ, ಸಿಪಾಯಿಗಳು, ಹಣ್ಣಿನ ಮುಳ್ಳು ಉಜ್ಜಿ ತೆಗೆಯುವ ಬಗೆ, ಹಿಡಿದು ತಂದವರು ಮತ್ತೆ ಹೊರಟಿದ್ದು, ಒಂದೂ ಬಿಡಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಗಂಡನ ಕೈ ಹಿಡಿದು ನಕ್ಕೆ, ಕಣ್ಣಲ್ಲಿ ನೀರೂ ಬಂತು. ಕೊನೆಗೆ, ಬೇರೆ ಮಕ್ಕಳೂ ಮಾತಾಡಬೇಕಲ್ಲ ಎಂದು ಟೀಚರೇ ಅವಳ ಬಾಯಿ ಮುಚ್ಚಿಸಬೇಕಾಯಿತು.