ಕರೆತಂದವರ ಹೆಸರು

ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ಗೆ ಬಂದ ಮೊದಲ ವರ್ಷಗಳಲ್ಲಿ ನನಗೆ ಎಲ್ಲವನ್ನೂ ಅಳೆಯುವ ಚಟವಿತ್ತು. ನನ್ನ ಪಿಎಚ್.ಡಿ.ಯೇ ಅಂಥದ್ದು. ಲೋಹ ಕೊರೆಯುವ ಉಪಕರಣದ ಮೊನೆ ಎಷ್ಟು ಹೊತ್ತಿಗೆ ಎಷ್ಟು ಸವೆಯುತ್ತದೆ ಎಂದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು, ಬರೆದಿಡುವುದು, ಮತ್ತೆ ಕೊರೆಯುವುದು. ಹಗಲೆಲ್ಲ ಇದನ್ನೇ ಮಾಡಿದವಳು ಸಂಜೆ ಸುಮ್ಮನಿರುತ್ತಾಳೆಯೇ? ಅನ್ನಕ್ಕೆ ಹಾಕುವ ನೀರಿನಿಂದ ಹಿಡಿದು ಗೆಳತಿಯರ ಮಾತಿನಲ್ಲಿ ಎಷ್ಟು ಪಾಲು ಸತ್ಯ ಎನ್ನುವವರೆಗೆ ನನ್ನ ಹತ್ತಿರ ಒಂದೊಂದು ಅಳತೆ ಇತ್ತು. ಅದರ ಬಗ್ಗೆ ಜಂಬವೂ ಇತ್ತು.

ಆ ಜಂಬದಿಂದಲೇ ನಮ್ಮ ಕ್ಯಾಂಪಸ್ಸಿನ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದ ದಾಖಲೆಗಳು ನನ್ನ ಕೈಗೆ ಬಂದವು. ನಾನು ಆಡುತ್ತಿದ್ದುದು ಅಷ್ಟಕ್ಕಷ್ಟೇ. ಚೆಂಡು ನನ್ನ ಕಡೆ ಬಂದರೆ ನನಗಿಂತ ಮೊದಲು ನಮ್ಮ ಗೋಲ್‌ಕೀಪರ್ ಗಾಬರಿಯಾಗುತ್ತಿದ್ದಳು. ಆದರೆ ಪಟ್ಟಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಈಗ ಆ ಮೈದಾನದ ಪಕ್ಕದಲ್ಲಿ ಬಸ್ಸು ಹಾದುಹೋಗುವಾಗಲೆಲ್ಲ ಒದ್ದೆ ಹುಲ್ಲಿನ ವಾಸನೆ, ಫ್ಲಾಸ್ಕಿನ ಕಾಫಿ, ಆರು ಭಾಷೆಗಳಲ್ಲಿ ಒಟ್ಟಿಗೆ ಏಳುತ್ತಿದ್ದ ಕೂಗು ಎಲ್ಲ ನೆನಪಾಗುತ್ತವೆ. ಅಷ್ಟು ಸುಖವಾದ ಸಂಜೆಗಳು ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ.

ತಂಡದ ಮುಖ್ಯ ಕೋಚ್ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾಗಿದ್ದ ಸ್ವೀಡಿಷ್ ಹೆಂಗಸು. ನಾನು ಮನಸ್ಸಿನಲ್ಲೇ ಅವರನ್ನು ದೊಡ್ಡ ಕೋಚ್ ಎನ್ನುತ್ತಿದ್ದೆ. ಅವರ ಕೈಕೆಳಗೆ ಇಬ್ಬರು ಸಹಾಯಕ ಕೋಚ್‌ಗಳು. ಒಬ್ಬಳು ಸ್ಯಾಂಡ್‌ವಿಕೆನ್ ಎಂಬ ಊರಿನಿಂದ ಓದಲು ಬಂದ ಹುಡುಗಿ, ಐದನೇ ವಯಸ್ಸಿನಿಂದಲೇ ಚೆಂಡು ಒದ್ದವಳು. ಇನ್ನೊಬ್ಬರು ಉಳ್ಳಾಲದವರು. ಅವರ ಗಂಡ ಇಲ್ಲಿ ಇಂಜಿನಿಯರ್, ಒಬ್ಬ ಮಗಳು ದಾಗಿಸ್‌ಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ ಹೋಗುತ್ತಿದ್ದಳು. ಮದುವೆಗೆ ಮೊದಲು ಮಂಗಳೂರಿನ ಕಾಲೇಜು ತಂಡದಲ್ಲಿ ಆಡಿದವರು. ಕನ್ನಡದ ಹೆಂಗಸರು ಅಂತ ಊರಿನಲ್ಲಿ ನಾವಿಬ್ಬರೇ ಇದ್ದಂತಿದ್ದುದರಿಂದ ನನಗೆ ಅವರು ಅಕ್ಕ ಆದರು. ನನ್ನ ಹುಬ್ಬಳ್ಳಿಯನ್ನು ನಾನು, ತಮ್ಮ ಉಳ್ಳಾಲವನ್ನು ಅವರು ಸ್ವಲ್ಪ ಸ್ವಲ್ಪ ಅದುಮಿಟ್ಟು ಬೆಂಗಳೂರಿನ ಕನ್ನಡಕ್ಕೆ ಹತ್ತಿರವಾದದ್ದೇನನ್ನೋ ಆಡುತ್ತಿದ್ದೆವು.

ಸಹಾಯಕ ಕೋಚ್‌ಗಳ ಮುಖ್ಯ ಕೆಲಸ ಆಟ ಕಲಿಸುವುದಲ್ಲ, ಆಟಗಾರ್ತಿಯರನ್ನು ಹುಡುಕಿ ತರುವುದು. ಕಾಲೇಜು ತಂಡ ಎಂದರೆ ತೂತುಬಿದ್ದ ಕೊಡ. ಪ್ರತಿ ಬೇಸಿಗೆಗೆ ಓದು ಮುಗಿಸಿ ಅರ್ಧ ತಂಡ ಹೊರಟುಹೋಗುತ್ತಿತ್ತು. ಆ ಜಾಗ ತುಂಬದಿದ್ದರೆ ತಂಡವೇ ಇರುತ್ತಿರಲಿಲ್ಲ.

ಒಂದು ವಸಂತದಲ್ಲಿ ಕೊಮ್ಯೂನ್‌ನವರು, ಅಂದರೆ ಊರಿನ ಆಡಳಿತದವರು, ನಮ್ಮ ಮೈದಾನದ ಹೊತ್ತನ್ನು ಅರ್ಧಕ್ಕಿಳಿಸಿದರು. ಎರಡು ಗುಂಪು ಹೋಗಿ ಒಂದೇ ಗುಂಪಾಯಿತು. ಒಬ್ಬರೇ ಸಹಾಯಕ ಕೋಚ್ ಸಾಕು ಎಂದಾಯಿತು. ಯಾರನ್ನು ಉಳಿಸಿಕೊಳ್ಳುವುದು? ಈ ದೇಶದಲ್ಲಿ ಯಾರೂ ಒಬ್ಬರೇ ತೀರ್ಮಾನಿಸುವುದಿಲ್ಲ. ಫೀಕಾ ಎಂದು ಕಾಫಿ, ಬನ್ನು ಇಟ್ಟುಕೊಂಡು ಎಲ್ಲರೂ ಒಪ್ಪುವವರೆಗೆ ಕೂರುತ್ತಾರೆ. ಸಭೆಗೆ ಮೊದಲು ದೊಡ್ಡ ಕೋಚ್ ನನ್ನನ್ನು ಕರೆದು, ಇಬ್ಬರಲ್ಲಿ ಯಾರು ಆಟಗಾರ್ತಿಯರನ್ನು ಚೆನ್ನಾಗಿ ತರುತ್ತಾರೆ, ಒಂದು ಪಟ್ಟಿ ಮಾಡಿ ಕೊಡು ಎಂದರು. ನಾನು ಹಿಗ್ಗಿದೆ.

ಅಕ್ಕನಿಗೆ ಆ ಜಾಗ ಎಷ್ಟು ದೊಡ್ಡದಾಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಭಾನುವಾರಗಳಂದು ನಾನು ಅವರ ಮನೆಯಲ್ಲೇ ಉಣ್ಣುತ್ತಿದ್ದೆ. ಅಕ್ಕಿರೊಟ್ಟಿ, ಮೀನುಗಸಿ ಅವರು ತಿನ್ನುವುದು. ನನಗಾಗಿ ಬೇರೆ ಪಾತ್ರೆಯಲ್ಲಿ ಬದನೆಕಾಯಿ. ಹಾಗೊಂದು ಭಾನುವಾರ ಈರುಳ್ಳಿ ಹೆಚ್ಚುತ್ತಾ ಹೇಳಿದ್ದರು:

"ಮೂರು ವರ್ಷ ಆಯ್ತು ಮಾರಾಯ್ತಿ. ನಮ್ಮ ಆಧಾರ್ ಹಾಗೆ ಪರ್ಸೊನ್‌ನುಮ್ಮರ್ ಉಂಟು, ಮನೆಬಾಗಿಲಲ್ಲಿ ಹೆಸರು ಉಂಟು. ಆದ್ರೆ ನೀವೇನು ಮಾಡ್ತೀರಿ ಅಂತ ಇವ್ರು ಕೇಳ್ತಾರಲ್ಲ, ಅದಕ್ಕೆ ಹೇಳ್ಲಿಕ್ಕೆ ಒಂದು ಶಬ್ದ ಇರ್ಲಿಲ್ಲ ನಂಗೆ. ಈಗ ಕೋಚ್ ಅಂತ ಹೇಳ್ತೇನೆ. ಮಗಳು ಸಹ ದಾಗಿಸಲ್ಲಿ ಎಲ್ಲರ ಹತ್ರ ಹೇಳಿ ಬಂದಿದ್ದಾಳೆ."

ಮಗಳು ಊಟದ ಮೇಜಿನಿಂದಲೇ ಸ್ವೀಡಿಷ್‌ನಲ್ಲಿ ಹೌದು ಎಂದು ಕೂಗಿದಳು. ನಾವು ನಕ್ಕೆವು.

ಇಷ್ಟು ಗೊತ್ತಿದ್ದೂ ನಾನು ನ್ಯಾಯದೇವತೆಯ ಹಾಗೆ ಪಟ್ಟಿ ಮಾಡಲು ಕೂತೆ. ಸ್ನೇಹವನ್ನು ಬದಿಗಿಟ್ಟಿದ್ದೇನೆ ಎಂಬ ಹೆಮ್ಮೆ ಬೇರೆ. ಹೊಸದಾಗಿ ಸೇರುವವರು ತುಂಬುವ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ನಿಮ್ಮನ್ನು ತಂಡಕ್ಕೆ ಕರೆತಂದವರು ಯಾರು? ನಾನು ಅದನ್ನು ಎಣಿಸಿದೆ. ಜೊತೆಗೆ, ಮೊದಲ ದಿನ ಅವರು ಹೇಗೆ ಆಡಿದರು ಎಂದು ಐದಕ್ಕೆ ಅಂಕ. ಸ್ಯಾಂಡ್‌ವಿಕೆನ್ ಹುಡುಗಿ ಪ್ರತಿ ವರ್ಷ ಕಾಲೇಜು ಶುರುವಾಗುವ ವಾರ ಕ್ಯಾಂಟೀನಿನ ಮುಂದೆ ಮೇಜು ಹಾಕಿ, ದೋಸೆಯಂಥ ವಾಫಲ್ ಸುಟ್ಟು ಕೊಟ್ಟು, ಒಟ್ಟು ಹದಿನೇಳು ಮಂದಿಯನ್ನು ತಂದಿದ್ದಳು. ಬಹಳಷ್ಟು ಮಂದಿ ಚಿಕ್ಕಂದಿನಿಂದ ಆಡಿದವರು, ನಾಲ್ಕು, ನಾಲ್ಕೂವರೆ ಅಂಕದವರು. ಅಕ್ಕನ ಹೆಸರಿದ್ದದ್ದು ನಾಲ್ಕೇ ಅರ್ಜಿಗಳಲ್ಲಿ. ಆ ನಾಲ್ವರಲ್ಲಿ ಮೂವರಿಗೆ ಚೆಂಡನ್ನು ಹೆಬ್ಬೆರಳಿನಿಂದ ಒದೆಯಬಾರದೆಂಬುದೂ ಗೊತ್ತಿರಲಿಲ್ಲ. ಉಳಿದ ಅರ್ಜಿಗಳಲ್ಲಿ ಅಮ್ಮ, ಅತ್ತೆ ಅಂತೆಲ್ಲ ಇತ್ತು. ಅವನ್ನು "ಇತರೆ" ಎಂದು ಪಟ್ಟಿಯ ಕೆಳಗೆ ತಳ್ಳಿದೆ.

ನಾಲ್ಕು ಬಹಳ ಕಡಿಮೆ ಅನ್ನಿಸಿ ಅಕ್ಕನನ್ನೇ ಕೇಳಿದ್ದೂ ಹೌದು. "ಅಕ್ಕ, ಕರೆಕ್ಟಾಗಿ ಹೇಳಿ, ನೀವು ಎಷ್ಟು ಜನರನ್ನ ಕರ್ಕೊಂಡು ಬಂದ್ರಿ?"

"ನಾನೆಂತ ಕರ್ಕೊಂಡು ಬರುದು? ಅವರವರೇ ಬಂದದ್ದು," ಎಂದು ಅವರು ಮಗಳ ಶೂ ದಾರ ಕಟ್ಟತೊಡಗಿದರು.

ನಮ್ಮವರು ಊಟ ಆಯಿತು ಎಂದರೆ ಆಯಿತೆಂದು ನಂಬಿ ತಟ್ಟೆ ಎತ್ತಿಡುವವಳಲ್ಲ ನಾನು. ಬೇಡ ಬೇಡ ಎಂದವರಿಗೆ ಎರಡು ರೊಟ್ಟಿ ಹಾಕುವ ಮನೆಯಲ್ಲೇ ಬೆಳೆದವಳು. ಆದರೂ ಅಂದು ಅಕ್ಕ ಹೇಳಿದ್ದನ್ನು ಸ್ವೀಡಿಷರ ಹಾಗೆ ಅಕ್ಷರಶಃ ನಂಬಿ, ಪಟ್ಟಿಯ ಪಕ್ಕದಲ್ಲಿ "ಖಚಿತಪಡಿಸಿಕೊಂಡಿದೆ" ಎಂದು ಬರೆದೆ.

ಸಭೆಯಲ್ಲಿ ಎಂಟು ಜನ. ಗೋಡೆಯ ಮೇಲೆ ನನ್ನ ಪಟ್ಟಿ ಬಿತ್ತು. ಸ್ಯಾಂಡ್‌ವಿಕೆನ್ ಹುಡುಗಿಗೇ ಇರಿಸುಮುರಿಸಾಯಿತು. ಅಕ್ಕ ತರುವವರು ಕಡಿಮೆಯಿರಬಹುದು, ಆದರೆ ಹುಡುಗಿಯರು ಅವರ ಸುತ್ತಲೇ ಇರುತ್ತಾರಲ್ಲ, ಅದಕ್ಕೆ ಅಂಕ ಇಲ್ಲವೇ ಎಂದಳು. ಅದು ಆಟಗಾರ್ತಿಯರನ್ನು ತರುವುದಕ್ಕೆ ಸಂಬಂಧಿಸಿದ್ದಲ್ಲ ಎಂದು ನಾನು ಖಡಾಖಂಡಿತವಾಗಿ ಉತ್ತರಿಸಿದೆ. ಮೊದಲ ದಿನದ ಆಟಕ್ಕೂ ಮೂರನೇ ತಿಂಗಳ ಆಟಕ್ಕೂ ವ್ಯತ್ಯಾಸ ಇರುತ್ತದಲ್ಲ ಎಂದರು ದೊಡ್ಡ ಕೋಚ್. ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಕೊನೆಗೆ ಅಕ್ಕನೇ ತಮ್ಮ ಸ್ವೀಡಿಷ್‌ನಲ್ಲಿ, "ಪಟ್ಟಿ ಚೆನ್ನಾಗಿದೆ, ನನಗೆ ಒಪ್ಪಿಗೆ," ಎಂದರು. ಎಲ್ಲರೂ ತಲೆಯಾಡಿಸಿದರು. ಅಕ್ಕ ತಮ್ಮ ಬನ್ನನ್ನು ತಿನ್ನದೆ ಕಾಗದದ ಕರವಸ್ತ್ರದಲ್ಲಿ ಸುತ್ತಿಕೊಂಡು ಮಗಳಿಗೆಂದು ತೆಗೆದುಕೊಂಡು ಹೋದರು.

ಅದಾಗಿ ಹತ್ತು ದಿನಕ್ಕೆ ಬಸ್ ನಿಲ್ದಾಣದಲ್ಲಿ ನಮ್ಮ ಗೋಲ್‌ಕೀಪರಿನ ತಾಯಿ ಸಿಕ್ಕಿದರು. ಸೊಮಾಲಿಯಾದವರು. ಅವರೂ ಅಕ್ಕನೂ ವಲಸೆ ಬಂದವರಿಗಾಗಿ ನಡೆಯುವ ಸ್ವೀಡಿಷ್ ತರಗತಿಯಲ್ಲಿ ಒಂದೇ ಬೆಂಚಿನವರಂತೆ. ನಿಧಾನವಾಗಿ, ಪದ ಪದ ಜೋಡಿಸಿ, ಕೋಚ್ ಯಾಕೆ ಬರುತ್ತಿಲ್ಲ ಎಂದು ಕೇಳಿದರು. ಯಾವ ಕೋಚ್ ಎಂದೆ.

"ನಮ್ಮ ಕೋಚ್," ಎಂದರು ಆಕೆ. "ನಮ್ಮ ಮನೆಗೆ ಐದು ಸಲ ಬಂದಿದ್ದಳು. ಆಟದ ಮಾತು ತೆಗೆದದ್ದು ಐದನೇ ಸಲ."

ಬಸ್ಸು ಬರುವವರೆಗೆ ಆಕೆ ಹೇಳುತ್ತಲೇ ಇದ್ದರು. ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಇದೆಯೇ, ಉದ್ದ ಪ್ಯಾಂಟು ಹಾಕಬಹುದೇ, ಬೇರೆ ಊರಿನ ಪಂದ್ಯಕ್ಕೆ ಜೊತೆಗೆ ಹೆಂಗಸರು ಯಾರು ಇರುತ್ತಾರೆ ಎಂದು ಆಕೆ ಕೇಳಿದ್ದರಂತೆ. ಅಕ್ಕ ಒಂದೊಂದಕ್ಕೂ ಉತ್ತರ ತಂದುಕೊಟ್ಟು, ಕೊನೆಗೆ ಆಕೆಯನ್ನೇ ಮೈದಾನಕ್ಕೆ ಕರೆದುಕೊಂಡು ಹೋಗಿ ಚಿಲಕ ಹಾಕಿ ತೋರಿಸಿದ್ದರಂತೆ. ತರಗತಿಯ ಬೇರೆ ತಾಯಂದಿರದೂ ಅದೇ ಕಥೆ.

ನಾನು ಮನೆಗೆ ಹೋಗದೆ ಕ್ಯಾಂಪಸ್ಸಿಗೆ ವಾಪಸಾದೆ. ಅರ್ಜಿಗಳನ್ನು ಹರಡಿದೆ. ಅಮ್ಮ, ಅಮ್ಮ, ಅತ್ತೆ, ಅಮ್ಮ. ಹದಿಮೂರು ಅರ್ಜಿಗಳು. ಆ ಹದಿಮೂರರಲ್ಲಿ ತಂಡ ಬಿಟ್ಟವಳು ಒಬ್ಬಳೂ ಇಲ್ಲ. ವಾಫಲ್ ತಿಂದು ಬಂದ ಹದಿನೇಳರಲ್ಲಿ ಉಳಿದವರು ಏಳು ಮಂದಿ. ಯಾರು ಉಳಿದರು ಎಂಬ ಅಂಕಣವನ್ನೇ ನಾನು ಹಾಕಿರಲಿಲ್ಲ. ಹದಿಮೂರರ ಕೆಳಗೆ, ಹಿಂದಿನ ವರ್ಷದ್ದು, ಇನ್ನೊಂದು ಅರ್ಜಿಯಿತ್ತು. ಅದರಲ್ಲೂ "ಅಮ್ಮ" ಎಂದೇ ಇತ್ತು. ಅದು ನನ್ನ ಅಕ್ಷರ.

ನಾನು ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಕುಗ್ಗಿಹೋಗಿದ್ದೆ. ಲ್ಯಾಬು ಬಿಟ್ಟರೆ ಕೋಣೆ, ಕೋಣೆ ಬಿಟ್ಟರೆ ಲ್ಯಾಬು. ಭಾನುವಾರ ಅಕ್ಕನ ಮನೆಯಲ್ಲಿ ಉಂಡದ್ದೇ ವಾರದ ಊಟ. ಆಗ ಒಂದು ದಿನ ಇದ್ದಕ್ಕಿದ್ದಂತೆ ಅಮ್ಮ ಹುಬ್ಬಳ್ಳಿಯಿಂದ ಫೋನು ಮಾಡಿ, ಚೆಂಡಾಟಕ್ಕೆ ಸೇರು, ಇಲ್ಲದಿದ್ದರೆ ನಾನೇ ಅಲ್ಲಿಗೆ ಬರುತ್ತೇನೆ ಎಂದು ಜಗಳ ತೆಗೆದಿದ್ದಳು. ಜನ್ಮದಲ್ಲಿ ಆಟದ ಮಾತೆತ್ತದವಳು! ಅದನ್ನು ನೆನೆದು ಅಲ್ಲಿಂದಲೇ ಅಮ್ಮನಿಗೆ ಫೋನು ಹಚ್ಚಿ, ಅಂದು ನಿನಗೆ ಹೇಳಿಕೊಟ್ಟವರು ಅಕ್ಕನೇ ಏನು ಎಂದು ಕೇಳಿದೆ.

"ಹೂಂ, ಆಕೀನ ಹೇಳಿದ್ದು," ಎಂದಳು ಅಮ್ಮ, ಏನೂ ದೊಡ್ಡ ವಿಷಯವಲ್ಲವೆಂಬಂತೆ. "ನೀ ಒಮ್ಮಿ ಉಣ್ಣಾಕ ಕುಂತಾಗ ವಿಡಿಯೋದಾಗ ಮಾತಾಡ್ಸಿದ್ದಿ ನೋಡು, ಅವತ್ತ ನಂಬರ್ ತೊಗೊಂಡಿದ್ಲು. ನಿಮ್ಮ ಮಗಳು ಸೊರಗಾಕತ್ಯಾಳ, ನಾ ಹೇಳಿದ್ರ ಕೇಳೂದಿಲ್ಲ, ನೀವ ಆಟಕ್ಕ ಕಳಸ್ರಿ ಅಂದ್ಲು. ನನ್ನ ಹೆಸರ ಹೇಳಬ್ಯಾಡ್ರಿ ಅಂದ್ಲು, ಹೇಳಲಿಲ್ಲ. ಯಾಕ, ಏನಾತು?"

ಆಮೇಲೆ ಹೇಳುತ್ತೇನೆ ಎಂದು ಫೋನಿಟ್ಟು ಅರ್ಜಿಗಳನ್ನು ಎತ್ತಿಟ್ಟೆ.

ಮರುದಿನ ಅಕ್ಕನ ಮನೆಗೆ ಹೋದೆ. ಕ್ಷಮೆ ಕೇಳಲೆಂದು ಹೋದವಳು ಬಾಗಿಲಲ್ಲೇ ಜಗಳಕ್ಕೆ ನಿಂತೆ. ಅದುಮಿಟ್ಟಿದ್ದ ಹುಬ್ಬಳ್ಳಿ ಪೂರ್ತಿ ಹೊರಗೆ ಬಂತು. "ನಾ ಕೇಳಿದಾಗ ಹೇಳಾಕ ಏನಾಗಿತ್ರಿ ನಿಮಗ? ಅಂಗಿ ಹಿಡದು ಕೇಳಬೇಕಿತ್ತೇನು? ಮತ್ತ ಸಭಾ ಕರಸ್ತೀನಿ. ಹದಿಮೂರೂ ಅರ್ಜಿ ತಿದ್ದಿ ನಿಮ್ಮ ಹೆಸರ ಹಾಕ್ತೀನಿ."

"ಹಾಕ್ಬೇಡ," ಎಂದರು ಅಕ್ಕ.

"ಯಾಕ?"

"ಆ ತಾಯಂದಿರಿಗೆ ನಾನು ಮಾತು ಕೊಟ್ಟದ್ದುಂಟು. ಮಗಳನ್ನು ಆಟಕ್ಕೆ ಕಳಿಸಿದ್ದು ನೀವೇ, ನಾನಲ್ಲ ಅಂತ. ನಾಳೆ ಅವರ ನೆಂಟರು ಕೇಳಿದ್ರೆ, ಹೌದು, ನಾನೇ ಕಳಿಸಿದ್ದು ಅಂತ ಅವ್ರು ತಲೆ ಎತ್ತಿ ಹೇಳ್ಬೇಕು. ಯಾವಳೋ ಬಂದು ಹುಡುಗಿಯರನ್ನು ಕರ್ಕೊಂಡು ಹೋದ್ಳು ಅಂತ ಆದ್ರೆ ಮುಗೀತು, ಮರುದಿನ ಹುಡುಗಿ ಮನೆಯಲ್ಲಿ. ನಿಮ್ಮ ಸಭೆಯ ವರದಿ ಎಲ್ಲರೂ ಓದುವ ಹಾಗೆ ವೆಬ್‌ಸೈಟಿಗೆ ಹಾಕುದಿಲ್ವಾ?"

ಹಾಕುತ್ತಿದ್ದರು. ಹಾಕುತ್ತಿದ್ದವಳು ನಾನೇ.

"ನಿಮ್ಮ ಜಾಗ ಹೋಗ್ತದಲ್ರಿ ಅಕ್ಕ," ಎಂದೆ. ಅಳು ಬಂದಿತ್ತು.

"ಹೋಗ್ತದೆ. ಬೇಸರ ಇಲ್ಲ ಅಂತ ಹೇಳುದಿಲ್ಲ, ತುಂಬ ಬೇಸರ ಉಂಟು. ನಿನ್ನ ಮೇಲೆ ಸಿಟ್ಟೂ ಉಂಟು. ಅಷ್ಟು ಓದಿದವಳು ನೀನು, ಅಮ್ಮ ಅಂತ ಬರ್ದದ್ದನ್ನು ನೋಡಿ ಒಂದು ಸಲ ಯೋಚನೆ ಮಾಡ್ಲಿಲ್ವಾ?" ಬದಿಗೆ ಸರಿದು, "ಒಳಗೆ ಬಾ, ಬಾಗಿಲು ತೆರೆದಿಟ್ರೆ ಚಳಿ," ಎಂದರು.

ಒಳಗೆ ಹೋಗಿ ಚಹಾ ಕುಡಿದೆವು. ನನ್ನ ಅರ್ಜಿಯನ್ನಾದರೂ ತಿದ್ದಬಹುದೇ ಎಂದು ಕೇಳಿದೆ. ಅದು ನಿನ್ನ ಅಮ್ಮನಿಗೆ ಬಿಟ್ಟದ್ದು ಎಂದರು. ಅಮ್ಮನನ್ನು ಕೇಳಿದರೆ, "ಇದನ್ನೇನ ಕೇಳ್ತಿ? ಬರಿ," ಎಂದಳು.

ಅಕ್ಕ ಆಮೇಲೆ ಒಂದು ವರ್ಷ ಅದೇ ಊರಿನಲ್ಲಿದ್ದರು. ನಾವು ಭಾನುವಾರಗಳನ್ನು ತಪ್ಪಿಸಲಿಲ್ಲ. ಅನಂತರ ಗಂಡನಿಗೆ ಬೇರೆ ಕೆಲಸ ಸಿಕ್ಕಿ ಸೊಲ್ಲೆಂಟುನಾ ಎಂಬ ದೂರದ ಊರಿಗೆ ಹೋದರು. ಅಲ್ಲಿ ಯಾವ ತಂಡಕ್ಕೂ ಸೇರಿಲ್ಲ. ನಾನು ಕೇಳಿದಾಗಲೆಲ್ಲ ಪುರುಸೊತ್ತಿಲ್ಲ ಎನ್ನುತ್ತಾರೆ, ಈಗ ನಾನು ಅದನ್ನು ನಂಬುವುದಿಲ್ಲ. ಅವರಿಲ್ಲದ ಮೈದಾನಕ್ಕೆ ಆ ಹದಿಮೂರು ಹುಡುಗಿಯರು ಮಾತ್ರ ಓದು ಮುಗಿಯುವವರೆಗೂ ಒಂದು ವಾರವೂ ತಪ್ಪದೆ ಬಂದರು. ತಾಯಂದಿರು ಕಳಿಸುತ್ತಿದ್ದರು.

ನಾನು ಕೇಳಿಕೊಂಡದ್ದರಿಂದ ಇನ್ನೊಂದು ಸಭೆಯೂ ನಡೆದಿತ್ತು. ತೀರ್ಮಾನ ಬದಲಾಗಲಿಲ್ಲ, ಬದಲಾಗುವಷ್ಟನ್ನು ಹೇಳಲು ನನಗೆ ಅಪ್ಪಣೆಯೂ ಇರಲಿಲ್ಲ. ನನ್ನ ಪಟ್ಟಿ ತಪ್ಪು, ಎಷ್ಟು ತಪ್ಪು ಎಂದು ಹೇಳಲಾರೆ, ಒಂದನ್ನು ಮಾತ್ರ ತಿದ್ದಬಲ್ಲೆ ಎಂದು ಎದ್ದುನಿಂತು ಹೇಳಿದೆ. ಅಕ್ಕನ ಹೆಸರಿನ ಮುಂದಿದ್ದ ನಾಲ್ಕನ್ನು ಅಳಿಸಿ ಐದು ಎಂದು ಬರೆದೆ. ದೊಡ್ಡ ಕೋಚ್ ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿದರು.

"ಐದನೆಯವಳು ಯಾರು?" ಎಂದು ಕೇಳಿದರು.

"ನಾನು," ಎಂದೆ.